ಇಳಿಯದೆ ಹೋದ ಪೈಲಟ್ ಪರವಾಗಿ

ಕಳೆದ ಬಕ್ರೀದ್‌ಗೆ ನಾಲ್ಕು ದಿನ ಇರುವಾಗ ಅಬ್ಬು ದಮ್ಮಾಮ್‌ನಿಂದ ಬರುವವರಿದ್ದರು. ಹದಿನಾಲ್ಕು ತಿಂಗಳ ನಂತರ ಬರುತ್ತಿದ್ದರು. ಚಾಚಾ ಅವರ ಓಮ್ನಿಯಲ್ಲಿ ಅಮ್ಮಿ, ತಮ್ಮ ಮತ್ತು ನಾನು ಬಂಟ್ವಾಳದಿಂದ ಬಜ್ಪೆಗೆ ಹೊರಟೆವು. ಕೆಂಜಾರು ಹತ್ತಿರ ಬರುವಾಗ ಮಳೆ ಎಷ್ಟಿತ್ತೆಂದರೆ ಮುಂದಿನ ಬಸ್ಸಿನ ಹಿಂದಿನ ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ರಾತ್ರಿ ಎಂಟೂವರೆಗೆ ವಿಮಾನ ಇಳಿಯಬೇಕಿತ್ತು. ನಾವು ಹೊರಗೆ ಕಾಯುತ್ತಿದ್ದಾಗ ಮೋಡದೊಳಗಿನಿಂದ ಎಂಜಿನ್ ಸದ್ದು ಕೇಳಿಸಿತು. ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ತಮ್ಮ ‘ಅಬ್ಬು ಆಗಯೇ’ ಎಂದು ಕುಣಿದ. ಅಷ್ಟರಲ್ಲಿ ಸದ್ದು ಒಮ್ಮೆಲೇ ದೊಡ್ಡದಾಗಿ ಪಶ್ಚಿಮಕ್ಕೆ, ಸಮುದ್ರದ ಕಡೆಗೆ ಹೋಗಿ ಕರಗಿತು. ಸ್ವಲ್ಪ ಹೊತ್ತಿನ ನಂತರ ವಿಮಾನ ಬೆಂಗಳೂರಿಗೆ ಹೋಯಿತು ಎಂಬ ಸುದ್ದಿ ಬಂತು.

ಆಮೇಲೆ ಅಲ್ಲಿ ಆದದ್ದನ್ನು ನೀವು ಊಹಿಸಬಹುದು. ‘ಇವನಿಗೆ ಇಳಿಸಲು ಬರುವುದಿಲ್ಲ’ ಎಂದರು ಒಬ್ಬರು. ‘ಇಷ್ಟು ದುಡ್ಡು ಕೊಟ್ಟು ಟಿಕೆಟ್ ಮಾಡಿದ್ದು ಬೆಂಗಳೂರು ನೋಡಲಿಕ್ಕಾ?’ ಎಂದರು ಇನ್ನೊಬ್ಬರು. ನಮ್ಮ ಚಾಚಾ ಕೂಡ ಕಡಿಮೆಯೇನಲ್ಲ. ಧೈರ್ಯ ಇಲ್ಲದವನಿಗೆ ವಿಮಾನ ಯಾಕೆ ಕೊಡುತ್ತಾರೆ ಎಂದು ಜೋರಾಗಿಯೇ ಕೇಳಿದರು. ನಮ್ಮ ಪಕ್ಕದಲ್ಲಿ ವಿಟ್ಲ ಕಡೆಯ ಒಬ್ಬರು ಅಜ್ಜಿ ತಸ್ಬೀಹ್ ಹಿಡಿದು ಕುಳಿತಿದ್ದರು. ಅವರು ಮಾತ್ರ ಬ್ಯಾರಿ ಭಾಷೆಯಲ್ಲಿ ನನಗೆ ಹೇಳಿದರು, ಎಲ್ಲಿಯಾದರೂ ಇಳಿಯಲಿ ಮಗಳೇ, ಇಳಿದರೆ ಸಾಕು ಎಂದು.

ನಾನು ಆ ಪೈಲಟ್ ಪರವಾಗಿ ಮಾತಾಡಬೇಕೆಂದುಕೊಂಡೆ, ಆದರೆ ದೊಡ್ಡವರ ನಡುವೆ ಬಾಯಿ ಬಿಡಲಿಲ್ಲ. ಅಂದು ಹೇಳದ ಮಾತನ್ನು ಈಗ ನಮ್ಮ ವಾರ್ತಾಪತ್ರದಲ್ಲಿ ಹೇಳುತ್ತಿದ್ದೇನೆ. ಗಲ್ಫ್ ನಂಟು ಇಲ್ಲದ ಮನೆ ನಮ್ಮ ಕಾಲೇಜಿನಲ್ಲಿ ಕಡಿಮೆ. ಆದ್ದರಿಂದ ಇದು ನಿಮ್ಮೆಲ್ಲರಿಗೂ ಸಂಬಂಧಪಟ್ಟ ವಿಷಯ ಎಂದು ನಂಬಿದ್ದೇನೆ. (ಮನೆಯಲ್ಲಿ ನಾವು ಉರ್ದು ಮಾತಾಡುವವರು. ನನ್ನ ಒತ್ತಕ್ಷರಗಳನ್ನು ಕನ್ನಡ ಸರ್ ತಿದ್ದಿಕೊಟ್ಟಿದ್ದಾರೆ. ಅಭಿಪ್ರಾಯಗಳನ್ನು ತಿದ್ದಿಲ್ಲ.)

ವಾಣಿಜ್ಯ ವಿಭಾಗದ ಹುಡುಗಿಗೆ ವಿಮಾನದ ವಿಷಯ ಎಲ್ಲಿಂದ ಬಂತು ಎಂದು ಕೇಳುವಿರಿ. ಮೂಡುಬಿದಿರೆಯಲ್ಲಿರುವ ಮಾಮು ಮನೆಯಿಂದ ಬಂತು. ಅವರ ಮಗ, ನನ್ನ ಭಾಯಿಜಾನ್, ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಹೋಗುವಾಗ ಹಳೆಯ ಕಂಪ್ಯೂಟರ್ ಮತ್ತು ಒಂದು ಜಾಯ್‌ಸ್ಟಿಕ್ ಬಿಟ್ಟು ಹೋಗಿದ್ದರು. ಹತ್ತನೇ ತರಗತಿಯ ರಜೆಯಲ್ಲಿ ಅದು ನಮ್ಮ ಮನೆಗೆ ಬಂತು. ಅದರಲ್ಲಿ ಫ್ಲೈಟ್‌ಗೇರ್ ಎಂಬ ಉಚಿತ ತಂತ್ರಾಂಶ ಇತ್ತು. ನೋಡಲು ಈಗಿನ ದುಬಾರಿ ಸಿಮ್ಯುಲೇಟರ್‌ಗಳಷ್ಟು ಚೆಂದವಿಲ್ಲ, ಆದರೆ ಹಳೆಯ ಯಂತ್ರದಲ್ಲೂ ಓಡುತ್ತದೆ. ಸೆಸ್ನಾ 172 ಎಂಬ ನಾಲ್ಕು ಸೀಟಿನ ಪುಟ್ಟ ವಿಮಾನ ಸಿಗುತ್ತದೆ. ಬಜ್ಪೆಯ ರನ್‌ವೇಯೂ ಸಿಗುತ್ತದೆ. ಮೊದಲ ಎರಡು ವಾರ ಎಲ್ಲರಂತೆ ನಾನೂ ಸಮುದ್ರದ ಮೇಲೆ ಸುತ್ತಾಡಿದೆ. ನಮ್ಮ ಮನೆ ಹುಡುಕಿದೆ. ಸಿಗಲಿಲ್ಲ, ನೇತ್ರಾವತಿಯ ಹತ್ತಿರ ಬರೀ ಹಸಿರು ಬಣ್ಣ ಬಳಿದಿತ್ತು.

ಬೇಸರ ಬಂದು ಒಂದು ದಿನ ಹವಾಮಾನವನ್ನು ಬದಲಿಸಿ ಮೋಡ ತುಂಬಿಸಿದೆ. ಕಿಟಕಿಯ ಹೊರಗೆ ಪೂರ್ತಿ ಬಿಳಿ. ಒಂದು ನಿಮಿಷದಲ್ಲಿ ವಿಮಾನ ನೆಲಕ್ಕೆ ಬಿತ್ತು. ಯಾಕೆ ಬಿತ್ತು ಎಂದೇ ಗೊತ್ತಾಗಲಿಲ್ಲ. ನಿಜವಾದ ಕಲಿಕೆ ಅಲ್ಲಿಂದ ಶುರುವಾಯಿತು.

ಹೊರಗೆ ಏನೂ ಕಾಣದಾಗ ಕೇವಲ ಮಾಪಕಗಳನ್ನು ನೋಡಿ ಹಾರಿಸುವುದಕ್ಕೆ ಇನ್‌ಸ್ಟ್ರುಮೆಂಟ್ ಫ್ಲೈಯಿಂಗ್ ಎನ್ನುತ್ತಾರೆ. ಸೆಸ್ನಾದಲ್ಲಿ ಆರು ಮುಖ್ಯ ಗಡಿಯಾರಗಳಿವೆ. ವೇಗ, ಎತ್ತರ, ದಿಕ್ಕು, ತಿರುವು, ಏರುವ ಇಳಿಯುವ ದರ, ಮತ್ತು ನಡುವೆ ಕೃತಕ ದಿಗಂತ. ಈ ಕೊನೆಯದು ಅರ್ಧ ನೀಲಿ, ಅರ್ಧ ಕಂದು. ವಿಮಾನ ಎಡಕ್ಕೆ ವಾಲಿದೆಯೇ ಬಲಕ್ಕೆ ವಾಲಿದೆಯೇ, ಮೂಗು ಮೇಲಿದೆಯೇ ಕೆಳಗಿದೆಯೇ ಎಂದು ಅದು ಹೇಳುತ್ತದೆ. ಕಣ್ಣು ಅಲ್ಲಿಂದ ಒಂದು ಗಡಿಯಾರಕ್ಕೆ ಹೋಗಿ ಮತ್ತೆ ನಡುವಿಗೆ ಬರಬೇಕು, ಇನ್ನೊಂದಕ್ಕೆ ಹೋಗಿ ಮತ್ತೆ ನಡುವಿಗೆ. ಎಲ್ಲಿಯೂ ನಿಲ್ಲಬಾರದು. ನಾನು ಎತ್ತರದ ಮುಳ್ಳನ್ನೇ ನೋಡುತ್ತಾ ಕುಳಿತರೆ ಅಷ್ಟರಲ್ಲಿ ದಿಕ್ಕು ನಲವತ್ತು ಡಿಗ್ರಿ ತಿರುಗಿರುತ್ತಿತ್ತು. ಲೆಕ್ಕಶಾಸ್ತ್ರ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕ್ಯಾಶ್ ಬುಕ್ ಒಂದನ್ನೇ ನೋಡಿದರೆ ಎಲ್ಲವೂ ಸರಿ ಅನ್ನಿಸುತ್ತದೆ. ಪಾಸ್ ಬುಕ್ ಪಕ್ಕದಲ್ಲಿ ಇಟ್ಟಾಗ ತಾನೇ ತಪ್ಪು ಹೊರಬರುವುದು.

ಮಾಪಕ ಯಾಕೆ ಬೇಕು, ನಮ್ಮ ದೇಹಕ್ಕೆ ತಿಳಿಯುವುದಿಲ್ಲವೇ? ಇದನ್ನು ನಮ್ಮ ತರಗತಿಯಲ್ಲೇ ಪರೀಕ್ಷೆ ಮಾಡಿ ನೋಡಿದೆವು. ಕಂಪ್ಯೂಟರ್ ಲ್ಯಾಬಿನ ತಿರುಗುವ ಕುರ್ಚಿಯಲ್ಲಿ ಗೆಳತಿಯೊಬ್ಬಳನ್ನು ಕಣ್ಣು ಮುಚ್ಚಿ ಕೂರಿಸಿ, ಒಂದೇ ವೇಗದಲ್ಲಿ ನಿಧಾನವಾಗಿ ಬಲಕ್ಕೆ ತಿರುಗಿಸಿದೆವು. ಯಾವ ಕಡೆ ತಿರುಗುತ್ತಿದ್ದೇನೆ ಅನ್ನಿಸುತ್ತದೋ ಆ ಕಡೆ ಹೆಬ್ಬೆರಳು ತೋರಿಸಬೇಕು. ಮೊದಲು ಬಲಕ್ಕೆ ತೋರಿಸಿದಳು. ಅರ್ಧ ನಿಮಿಷವೂ ಆಗುವ ಮೊದಲೇ ‘ನಿಂತಿತು’ ಎಂದಳು. ನಿಂತಿರಲಿಲ್ಲ, ತಿರುಗುತ್ತಲೇ ಇತ್ತು. ನಿಜವಾಗಿ ನಿಲ್ಲಿಸಿದಾಗ ‘ಈಗ ಎಡಕ್ಕೆ ಯಾಕೆ ತಿರುಗಿಸುತ್ತೀರಿ?’ ಎಂದು ಗದರಿಸಿದಳು. ಎಲ್ಲರೂ ನಕ್ಕರು. ಲ್ಯಾಬ್ ಅಟೆಂಡರ್ ಬಂದು ಕುರ್ಚಿ ವಾಪಸ್ ತೆಗೆದುಕೊಂಡು ಹೋದರು.

ಒಳಕಿವಿಯಲ್ಲಿರುವ ದ್ರವ ತಿರುವಿನ ಬದಲಾವಣೆಯನ್ನು ಮಾತ್ರ ತಿಳಿಸುತ್ತದೆ. ತಿರುವು ಒಂದೇ ಸಮ ಇದ್ದರೆ ಅದೂ ಸುಮ್ಮನಾಗುತ್ತದೆ. ಬೆಳ್ತಂಗಡಿಯ ನಾನಿ ಮನೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತು ನೋಡಿ, ರಸ್ತೆ ನೆಟ್ಟಗಾದ ಮೇಲೂ ಬಸ್ಸು ತಿರುಗುತ್ತಿರುವ ಹಾಗೆಯೇ ಇರುತ್ತದೆ. ಬಸ್ಸಿನಲ್ಲಿ ಕಣ್ಣು ತೆರೆದರೆ ರಸ್ತೆ ಇದೆ. ಮೋಡದಲ್ಲಿ ಕಣ್ಣು ತೆರೆದರೂ ಏನಿಲ್ಲ. ಆಗ ಪೈಲಟ್ ವಾಲಿದ ವಿಮಾನವನ್ನು ನೆಟ್ಟಗಿದೆ ಎಂದು ನಂಬುತ್ತಾನೆ, ನೆಟ್ಟಗಿರುವುದನ್ನು ವಾಲಿದೆ ಎಂದು ನಂಬಿ ‘ಸರಿ’ ಮಾಡಲು ಹೋಗುತ್ತಾನೆ. ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ 1999ರ ಜುಲೈ 16ರ ರಾತ್ರಿ ಸಮುದ್ರದ ಮೇಲೆ ಮಬ್ಬಿನಲ್ಲಿ ಹೀಗೆಯೇ ವಿಮಾನ ಕಳೆದುಕೊಂಡು ಸತ್ತರು. ಅವರಿಗೆ ಮಾಪಕ ನೋಡಿ ಹಾರಿಸುವ ಪರವಾನಗಿ ಇರಲಿಲ್ಲ.

ನೆಲದ ಮೇಲೆ ಕುಳಿತು ಇದನ್ನು ಕಲಿಯುವುದೂ ಹೊಸದೇನಲ್ಲ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಎಡ್ವಿನ್ ಲಿಂಕ್ ಎಂಬವರ ತಂದೆಗೆ ಪೈಪ್ ಆರ್ಗನ್ ತಯಾರಿಸುವ ಕಾರ್ಖಾನೆ ಇತ್ತು. ಆ ವಾದ್ಯಕ್ಕೆ ಗಾಳಿ ಊದುವ ತಿದಿಗಳನ್ನೇ ಬಳಸಿ ಲಿಂಕ್ 1920ರ ದಶಕದ ಕೊನೆಯಲ್ಲಿ ವಾಲುವ, ತಿರುಗುವ ಒಂದು ಪುಟ್ಟ ವಿಮಾನದ ಪೆಟ್ಟಿಗೆ ಮಾಡಿದರು. ಮೊದಲು ಅದನ್ನು ಜಾತ್ರೆಯ ಆಟಿಕೆಯ ಹಾಗೆ ನೋಡಿದವರೇ ಹೆಚ್ಚು. 1934ರಲ್ಲಿ ಅಮೆರಿಕದ ಸೇನೆಯ ಪೈಲಟ್‌ಗಳು ಟಪಾಲು ಹೊತ್ತು ಕೆಟ್ಟ ಹವೆಯಲ್ಲಿ ಹಾರಿ ಒಬ್ಬರ ಹಿಂದೊಬ್ಬರು ಸತ್ತಾಗ ಸೇನೆ ಅಂಥ ಆರು ಪೆಟ್ಟಿಗೆಗಳನ್ನು ಕೊಂಡುಕೊಂಡಿತು. ಅಮ್ಮಿ ನನ್ನ ಕಂಪ್ಯೂಟರನ್ನು ನೋಡಿ ‘ಗೇಮ್ ಬಂದ್ ಕರ್’ ಎಂದಾಗಲೆಲ್ಲ ನನಗೆ ಲಿಂಕ್ ಅವರ ನೆನಪಾಗುತ್ತದೆ.

ಇನ್ನು ಇಳಿಯುವ ವಿಷಯ. ಮೋಡದಲ್ಲಿ ರನ್‌ವೇ ಹುಡುಕಿಕೊಡುವ ವ್ಯವಸ್ಥೆಗೆ ಐಎಲ್‌ಎಸ್ ಎಂದು ಹೆಸರು. ನೆಲದಿಂದ ಎರಡು ರೇಡಿಯೊ ಸಂಕೇತಗಳು ಬರುತ್ತವೆ. ಒಂದು ಎಡ ಬಲ ಹೇಳುತ್ತದೆ, ಅದು ಲೋಕಲೈಸರ್. ಇನ್ನೊಂದು ಮೇಲೆ ಕೆಳಗೆ ಹೇಳುತ್ತದೆ, ಅದು ಗ್ಲೈಡ್ ಸ್ಲೋಪ್. ಮಾಪಕದಲ್ಲಿ ಅಡ್ಡ ಒಂದು ಮುಳ್ಳು, ಉದ್ದ ಒಂದು ಮುಳ್ಳು; ಎರಡೂ ನಡುವೆ ಸೇರಿ ಕೂಡಿಸುವ ಚಿಹ್ನೆಯಂತೆ ಕಂಡರೆ ನೀವು ಸರಿಯಾದ ದಾರಿಯಲ್ಲಿ ಇದ್ದೀರಿ. ಸಾಮಾನ್ಯವಾಗಿ ಆ ದಾರಿ ಮೂರು ಡಿಗ್ರಿ ಇಳಿಜಾರು. ಅಂದರೆ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಇಳಿಯಬೇಕು. ಸುಲಭದ ಸೂತ್ರ ಒಂದಿದೆ: ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂದು ಸಿಗುತ್ತದೆ. ನನ್ನ ಸೆಸ್ನಾ 90 ನಾಟ್ ವೇಗದಲ್ಲಿದ್ದರೆ 450 ಅಡಿ. ಅಬ್ಬು ಬರುವ ದೊಡ್ಡ ವಿಮಾನ 140 ನಾಟ್‌ನಲ್ಲಿದ್ದರೆ 700 ಅಡಿ.

ಮಳೆಗಾಲದಲ್ಲಿ ಗಾಳಿ ಸಮುದ್ರದಿಂದ ಬೀಸುತ್ತದೆ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಆದ್ದರಿಂದ ಬಜ್ಪೆಗೆ ಆಗ ಹೆಚ್ಚಾಗಿ ಈಶಾನ್ಯದಿಂದ, ನಮ್ಮ ಗುಡ್ಡಗಳ ಮೇಲಿನಿಂದ ಬರುತ್ತವೆ. ಆ ರನ್‌ವೇಗೆ 24 ಎಂದು ಹೆಸರು, ಅಂದರೆ ಸುಮಾರು 240 ಡಿಗ್ರಿ ದಿಕ್ಕು. ಇದಕ್ಕೆ ಬರುವ ಒಂದು ಕ್ರಮದಲ್ಲಿ ನಿಲ್ದಾಣದಿಂದ 10 ನಾಟಿಕಲ್ ಮೈಲಿ, ಅಂದರೆ 18.5 ಕಿಲೋಮೀಟರ್ ದೂರ ಕಾಯ್ದುಕೊಂಡು ಕಮಾನಿನಂತೆ ಸುತ್ತಿ ಬಂದು ರನ್‌ವೇಯ ನೇರಕ್ಕೆ ತಿರುಗುತ್ತಾರೆ. ನಾನು ನಕ್ಷೆಯ ಮೇಲೆ ಕೈವಾರದಿಂದ ಆ ವೃತ್ತ ಎಳೆದು ನೋಡಿದೆ. ಬಂಟ್ವಾಳವೂ ಮೂಡುಬಿದಿರೆಯೂ ಆ ಗೆರೆಯ ಸ್ವಲ್ಪವೇ ಒಳಗೆ ಬರುತ್ತವೆ. ಬೆಳ್ತಂಗಡಿ ಹೊರಗೆ ಉಳಿಯುತ್ತದೆ. ನಮ್ಮೂರಿನವರು ದುಬೈಯಿಂದ, ದಮ್ಮಾಮ್‌ನಿಂದ ಬರುವಾಗ ತಮ್ಮ ಮನೆಯ ಹತ್ತಿರವೇ ಹಾದು ಬಜ್ಪೆಗೆ ಹೋಗಿ, ಅಲ್ಲಿಂದ ಕಾರಿನಲ್ಲಿ ವಾಪಸ್ ಬರುತ್ತಾರೆ ಎಂದು ಅಂದೇ ನನಗೆ ಹೊಳೆದದ್ದು.

ಐಎಲ್‌ಎಸ್ ದಾರಿ ಲಾಳಿಕೆಯ ಹಾಗೆ. ದೂರದಲ್ಲಿ ಅಗಲ, ರನ್‌ವೇ ಹತ್ತಿರ ಬಂದಂತೆ ಕಿರಿದು. ದೂರದಲ್ಲಿ ಸಣ್ಣ ತಪ್ಪಿಗೆ ಮುಳ್ಳು ಸ್ವಲ್ಪ ಕದಲುತ್ತದೆ, ಹತ್ತಿರದಲ್ಲಿ ಅದೇ ತಪ್ಪಿಗೆ ಅಂಚಿಗೆ ಹಾರುತ್ತದೆ. ನಾನು ಮುಳ್ಳಿನ ಹಿಂದೆ ಓಡುತ್ತಿದ್ದೆ. ಅದು ಬಲಕ್ಕೆ ಹೋದರೆ ನಾನೂ ಬಲಕ್ಕೆ, ಅಷ್ಟರಲ್ಲಿ ಅದು ಎಡಕ್ಕೆ. ಇನ್ನೊಂದು ತಪ್ಪು ತಿಳಿಯಲು ಒಂದು ವಾರವೇ ಬೇಕಾಯಿತು. ಎತ್ತರದ ಮಾಪಕ ಗಾಳಿಯ ಒತ್ತಡ ನೋಡಿ ಎತ್ತರ ಹೇಳುತ್ತದೆ. ಹಾಗಾಗಿ ಆ ದಿನದ ಒತ್ತಡವನ್ನು ನಾವೇ ಅದರಲ್ಲಿ ತಿರುಗಿಸಿ ಇಡಬೇಕು. ಮಳೆಯ ಹವೆಯಲ್ಲಿ ಒತ್ತಡ 1004 ಇರುವಾಗ ನಾನು 1013ರಲ್ಲೇ ಬಿಟ್ಟಿದ್ದೆ. ಒಂದು ಹೆಕ್ಟೊಪಾಸ್ಕಲ್‌ಗೆ ಸುಮಾರು 30 ಅಡಿ. ಒಂಬತ್ತಕ್ಕೆ ಎಷ್ಟಾಯಿತು ಲೆಕ್ಕ ಹಾಕಿ. ಮಾಪಕ ತೋರಿಸಿದ್ದಕ್ಕಿಂತ ಅಷ್ಟು ಕೆಳಗೆ ನಾನು ಹಾರುತ್ತಿದ್ದೆ, ಗುಡ್ಡಕ್ಕೆ ಹೊಡೆದ ಮೇಲೆ ಮಾಪಕವನ್ನು ಬೈದೆ.

ಎಲ್ಲಕ್ಕಿಂತ ಮುಖ್ಯವಾದದ್ದು ನಿರ್ಧಾರದ ಎತ್ತರ. ಸಾಮಾನ್ಯ ಐಎಲ್‌ಎಸ್‌ನಲ್ಲಿ ಇದು ನೆಲದಿಂದ 200 ಅಡಿ, ಸುತ್ತ ಗುಡ್ಡಗಳಿದ್ದರೆ ಇನ್ನೂ ಹೆಚ್ಚು ಇಡುತ್ತಾರೆ. ಅಲ್ಲಿಗೆ ಬರುವಾಗ ರನ್‌ವೇಯ ದೀಪಗಳು ಕಾಣದಿದ್ದರೆ ಇಳಿಯುವಂತಿಲ್ಲ. ‘ಇನ್ನು ಸ್ವಲ್ಪ ನೋಡೋಣ’ ಎನ್ನುವಂತಿಲ್ಲ. ಪೂರ್ತಿ ಶಕ್ತಿ ಕೊಟ್ಟು, ಮೂಗು ಎತ್ತಿ, ಮೇಲಕ್ಕೆ ಹೋಗಬೇಕು. ಇದೇ ಗೋ ಅರೌಂಡ್. 200 ಅಡಿಯಿಂದ ನೆಲಕ್ಕೆ ದೊಡ್ಡ ವಿಮಾನಕ್ಕೆ ಬೇಕಾಗುವುದು ಹದಿನೇಳು ಸೆಕೆಂಡು. ಅದಕ್ಕೂ ಮೊದಲೇ, ಸುಮಾರು 1000 ಅಡಿಯಲ್ಲಿ, ವೇಗ, ದಿಕ್ಕು, ಇಳಿಯುವ ದರ ಎಲ್ಲವೂ ಹತೋಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಆಗಲೂ ಗೋ ಅರೌಂಡ್. ಅಂದು ಬಜ್ಪೆಯಲ್ಲಿ ನಾವು ಕೇಳಿದ ಸದ್ದು ಇದು.

ನಾನು ಹಳೆಯ ಅಕೌಂಟೆನ್ಸಿ ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರಯತ್ನವನ್ನು ಬರೆದಿಡುತ್ತಿದ್ದೆ. ತಾರೀಕು, ಹವೆ, ಫಲಿತಾಂಶ. ಮೋಡದಲ್ಲಿ ಮಾಡಿದ ಮೊದಲ ನಲವತ್ತು ಪ್ರಯತ್ನಗಳಲ್ಲಿ ಹದಿಮೂರು ಸಲ ಬಿದ್ದೆ, ಇಪ್ಪತ್ತನಾಲ್ಕು ಸಲ ಇಳಿದೆ, ಮೂರು ಸಲ ಗೋ ಅರೌಂಡ್ ಮಾಡಿದೆ. ಇಪ್ಪತ್ತನಾಲ್ಕು ಎಂದು ನನಗೆ ಭಾರೀ ಹೆಮ್ಮೆ ಇತ್ತು. ಆಮೇಲೆ 1000 ಅಡಿಯ ನಿಯಮ ಓದಿದ ಮೇಲೆ ಪುಸ್ತಕವನ್ನು ಮತ್ತೆ ತೆಗೆದು ಆಡಿಟ್ ಮಾಡಿದೆ. ಇಳಿದದ್ದರಲ್ಲಿ ಹದಿನೈದು ಸಲ ನಾನು ಇಳಿಯಲೇಬಾರದಿತ್ತು. ಒಮ್ಮೆ ಅರ್ಧ ರನ್‌ವೇ ದಾಟಿ ಚಕ್ರ ತಾಗಿತ್ತು. ಒಮ್ಮೆ 150 ಅಡಿಗೆ ಬಂದರೂ ದೀಪ ಕಂಡಿರಲಿಲ್ಲ, ಹೇಗೋ ಕಂಡಿತು. ಇವನ್ನೆಲ್ಲ ನಾನು ಲಾಭದ ಕಡೆ ಬರೆದಿದ್ದೆ. ನಷ್ಟವನ್ನು ಲಾಭ ಎಂದು ತೋರಿಸುವ ಕಂಪನಿಗಳ ಬಗ್ಗೆ ನಾವು ತರಗತಿಯಲ್ಲಿ ಓದುತ್ತೇವೆ. ನನ್ನದೂ ಅದೇ ಕಂಪನಿ.

ಗೋ ಅರೌಂಡ್ ಯಾಕೆ ಮೂರೇ ಸಲ ಮಾಡಿದೆ? ಇಷ್ಟು ದೂರ ಬಂದಾಯಿತಲ್ಲ ಅನ್ನಿಸುತ್ತಿತ್ತು. ಇಪ್ಪತ್ತು ನಿಮಿಷ ಕಷ್ಟಪಟ್ಟಿದ್ದೇನೆ, ರನ್‌ವೇ ಇಲ್ಲೇ ಎಲ್ಲೋ ಇದೆ, ಮತ್ತೆ ಮೊದಲಿನಿಂದ ಯಾರು ಮಾಡುತ್ತಾರೆ? ವಾಣಿಜ್ಯದಲ್ಲಿ ಇದಕ್ಕೆ ಮುಳುಗಿದ ವೆಚ್ಚ ಎನ್ನುತ್ತಾರೆ. ಖರ್ಚಾಗಿ ಹೋದದ್ದು ವಾಪಸ್ ಬರುವುದಿಲ್ಲ, ಮುಂದಿನ ನಿರ್ಧಾರಕ್ಕೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುವುದು ಸುಲಭ. ಕುರ್ಚಿಯಲ್ಲಿ ಕುಳಿತು, ಬಿದ್ದರೂ ಏನೂ ಆಗದ ನನಗೇ ಇಷ್ಟು ಆಸೆ ಇದ್ದರೆ, ಮನೆಗೆ ಹೋಗಲು ಕಾಯುತ್ತಿರುವ ನೂರೈವತ್ತು ಜನರನ್ನು ಹಿಂದೆ ಕೂರಿಸಿಕೊಂಡವನಿಗೆ ಎಷ್ಟಿರಬಹುದು?

ಈಗ ನಮ್ಮ ಜಿಲ್ಲೆ ಮರೆಯದ ದಿನದ ಬಗ್ಗೆ ಬರೆಯಲೇಬೇಕು. 2010ರ ಮೇ 22ರ ಬೆಳಿಗ್ಗೆ ಆರು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬಜ್ಪೆಯ ರನ್‌ವೇ 24ರ ಕೊನೆಯನ್ನು ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಸತ್ತರು, ಎಂಟು ಜನ ಬದುಕಿದರು. ಆಗ ನನಗೆ ಎರಡು ವರ್ಷ. ಕೂಳೂರಿನ ತಣ್ಣೀರುಬಾವಿ ರಸ್ತೆಯ ಸ್ಮಾರಕ ಉದ್ಯಾನದ ಮುಂದೆ ಹೋಗುವಾಗ ಅಮ್ಮಿ ಈಗಲೂ ಫಾತಿಹಾ ಓದುತ್ತಾರೆ. ನಮ್ಮ ಕಾಲೇಜಿನಲ್ಲೂ ಆ ವಿಮಾನದಲ್ಲಿ ತಮ್ಮವರನ್ನು ಕಳೆದುಕೊಂಡ ಮನೆಯ ಮಕ್ಕಳಿದ್ದಾರೆ. ಅವರ ಮನಸ್ಸಿಗೆ ನೋವಾಗದಂತೆ ಬರೆಯಲು ಪ್ರಯತ್ನಿಸಿದ್ದೇನೆ.

ಬಜ್ಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ, ಅದಕ್ಕೇ ಹಾಗಾಯಿತು ಎಂದು ನಾವೆಲ್ಲ ಕೇಳಿ ಬೆಳೆದೆವು. ಗುಡ್ಡದ ಮೇಲಿರುವುದು ನಿಜ, ಬಿದ್ದ ಮೇಲೆ ಸಾವು ಹೆಚ್ಚಾಗಲು ಅದು ಕಾರಣವೂ ಹೌದು. ಆದರೆ ತನಿಖಾ ವರದಿಯ ವಿವರಗಳನ್ನು ಓದಿದಾಗ ನನಗೆ ಬೇರೆಯೇ ಕಂಡಿತು. ಅಂದು ಮಳೆ ಇರಲಿಲ್ಲ, ಆರು ಕಿಲೋಮೀಟರ್ ದೂರದವರೆಗೆ ಕಾಣುತ್ತಿತ್ತು, ಗಾಳಿ ಶಾಂತವಾಗಿತ್ತು. ಅಲ್ಲಿನ ರೇಡಾರ್ ಎರಡು ದಿನದಿಂದ ಕೆಲಸ ಮಾಡುತ್ತಿರಲಿಲ್ಲ, ಅದರಿಂದ ವಿಮಾನಕ್ಕೆ ಇಳಿಯಲು ಅನುಮತಿ ತಡವಾಗಿ ಸಿಕ್ಕಿತು. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು, ಎದ್ದ ಮೇಲೂ ಆ ಮಂಪರು ಪೂರ್ತಿ ಹೋಗಿರಲಿಲ್ಲ ಎಂದು ವರದಿ ಹೇಳುತ್ತದೆ. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಅದನ್ನು ಸರಿಮಾಡಲು ಹೋಗಿ ಇಳಿಯುವ ದರ ಒಂದು ಹಂತದಲ್ಲಿ ನಿಮಿಷಕ್ಕೆ ಸುಮಾರು 4000 ಅಡಿ ಮುಟ್ಟಿತು. ಮೇಲೆ ನಾನು ಬರೆದ 700ನ್ನು ನೆನಪು ಮಾಡಿಕೊಳ್ಳಿ. ವಿಮಾನದ ಎಚ್ಚರಿಕೆ ಯಂತ್ರ ಮೇಲೆ ಎತ್ತು ಎಂದು ಕೂಗುತ್ತಿತ್ತು. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಎಂದರು.

ಮೂರು ಸಲ. ಕ್ಯಾಪ್ಟನ್ ಇಳಿಸಿದರು. 8,038 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರಗಳು ತಾಗಿದವು. ಆಗಲೂ ಪೂರ್ತಿ ಬ್ರೇಕ್ ಹಾಕಿದ್ದರೆ ನಿಲ್ಲುವ ಸಾಧ್ಯತೆ ಇತ್ತೆಂದು ವರದಿ ಹೇಳುತ್ತದೆ. ಕ್ಯಾಪ್ಟನ್ ಆ ಹೊತ್ತಿನಲ್ಲಿ ಮನಸ್ಸು ಬದಲಿಸಿ ಮತ್ತೆ ಮೇಲೇರಲು ನೋಡಿದರು. ಮೇಲೇರಬೇಕಾದಾಗ ಏರದೆ, ಏರಬಾರದ ಹೊತ್ತಿನಲ್ಲಿ ಏರಲು ಹೋದದ್ದು. ಇದನ್ನು ಮೊದಲ ಸಲ ಓದಿದ ರಾತ್ರಿ ನಾನು ಕಂಪ್ಯೂಟರ್ ಆನ್ ಮಾಡಲಿಲ್ಲ.

ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರ ರಾತ್ರಿ, ಕೋಝಿಕ್ಕೋಡ್‌ನ ಕರಿಪ್ಪೂರಿನಲ್ಲೂ ಹಾಗೆಯೇ ಆಯಿತು. ಅದೂ ದುಬೈಯಿಂದ ಬಂದ ವಿಮಾನ, ಅದೂ ಗುಡ್ಡದ ಮೇಲಿನ ರನ್‌ವೇ. ಈ ಸಲ ಜೋರು ಮಳೆ ಇತ್ತು. ಮೊದಲ ಪ್ರಯತ್ನದಲ್ಲಿ ಆ ಪೈಲಟ್ ಗೋ ಅರೌಂಡ್ ಮಾಡಿದ್ದರು. ಎರಡನೇ ಸಲ, ಹಿಂದಿನಿಂದ ಗಾಳಿ ದೂಡುತ್ತಿರುವಾಗ, ಅರ್ಧ ರನ್‌ವೇಯ ಹತ್ತಿರ ಇಳಿಸಿದರು. ಅಲ್ಲಿಯೂ ಪಕ್ಕದ ಪೈಲಟ್ ಗೋ ಅರೌಂಡ್ ಎಂದು ಕೂಗಿದ್ದು ವರದಿಯಲ್ಲಿದೆ. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಸತ್ತರು.

ಎರಡೂ ಕಡೆ ಪಕ್ಕದಲ್ಲಿದ್ದ ಕಿರಿಯರಿಗೆ ಗೊತ್ತಿತ್ತು, ಬಾಯಿ ಬಿಟ್ಟು ಹೇಳಿಯೂ ಇದ್ದರು. ಹಿರಿಯರು ಕೇಳಲಿಲ್ಲ. ವಿಮಾನದ ವಿಷಯ ಬಿಟ್ಟು ನಮ್ಮ ಮನೆಗಳಿಗೆ ಬಂದರೆ ಕಿರಿಯರು ಬಾಯಿ ಬಿಡುವುದೇ ಅಪರೂಪ. ಬಜ್ಪೆಯಲ್ಲಿ ಅಂದು ನಾನೇ ಸುಮ್ಮನಿದ್ದೆನಲ್ಲ.

ನನ್ನ ಮಾತಿಗೆ ಮೂರು ಆಕ್ಷೇಪಗಳು ಈಗಾಗಲೇ ಬಂದಿವೆ. ಮೊದಲನೆಯದು ನಮ್ಮ ಭಾಯಿಜಾನ್ ಅವರದು. ಮನೆಯ ಸಿಮ್ಯುಲೇಟರ್ ನೋಡಿ ಪೈಲಟ್‌ಗಳ ಬಗ್ಗೆ ಬರೆಯುವುದು ಲೂಡೋ ಆಡಿ ರಾಜ್ಯಶಾಸ್ತ್ರ ಬರೆದ ಹಾಗೆ ಎಂದರು. ಸ್ವಲ್ಪ ಒಪ್ಪುತ್ತೇನೆ. ನನ್ನ ಕುರ್ಚಿ ಅಲುಗಾಡುವುದಿಲ್ಲ. ಒಳಕಿವಿಯ ಸುಳ್ಳನ್ನು ಅದುಮಿಟ್ಟು ಮಾಪಕವನ್ನು ನಂಬುವ ಅತಿ ಕಷ್ಟದ ಪಾಠ ಮನೆಯಲ್ಲಿ ಸಿಗುವುದೇ ಇಲ್ಲ. ಇಲ್ಲಿ ಕಳೆದ ಗಂಟೆಗಳು ಯಾವ ಲೈಸೆನ್ಸಿಗೂ ಲೆಕ್ಕಕ್ಕಿಲ್ಲ. ಒಮ್ಮೆ 400 ಅಡಿಯಲ್ಲಿದ್ದಾಗ ಕರೆಂಟು ಹೋಯಿತು, ನಾನು ಎದ್ದು ಹೋಗಿ ಚಹಾ ಕುಡಿದೆ. ಆದರೆ ಗಡಿಯಾರಗಳನ್ನು ಓದುವುದು, ಮುಳ್ಳನ್ನು ಹಿಂಬಾಲಿಸುವುದು, ‘ಈಗ ಬಿಡಬೇಕು’ ಎಂಬ ಹೊತ್ತನ್ನು ಗುರುತಿಸುವುದು ಇಲ್ಲಿಯೂ ಕಲಿಯಲು ಸಿಗುತ್ತದೆ. ಇನ್ನೊಂದು ಆಕ್ಷೇಪ, ವಾಣಿಜ್ಯದವಳಿಗೆ ಇದರಿಂದ ಏನು ಪ್ರಯೋಜನ ಎಂಬುದು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇಷ್ಟು ವರ್ಷ ಕೇಳುತ್ತಾ ಬಂದಿದ್ದಾರೆ. ಕಾಮರ್ಸ್ ಓದಿದವರು ಕಮರ್ಷಿಯಲ್ ಪೈಲಟ್ ಆಗುವಂತಿಲ್ಲ ಎಂಬ ತಮಾಷೆಯನ್ನು ನಾನು ಸಾಕಷ್ಟು ಕೇಳಿದ್ದೇನೆ, ದಯವಿಟ್ಟು ಹೊಸದು ಹುಡುಕಿ. ನಾನು ಪೈಲಟ್ ಆಗುತ್ತೇನೆ ಎಂದು ಎಲ್ಲಿಯೂ ಹೇಳಿಲ್ಲ.

ಮೂರನೆಯದು ಚಾಚಾ ಅವರದು, ಇದು ನ್ಯಾಯವಾದದ್ದು. ವಿಮಾನ ಬೇರೆ ಊರಿಗೆ ಹೋದಾಗ ಕಷ್ಟ ಪಡುವವರು ಯಾರು? ಹದಿನೈದು ದಿನದ ರಜೆಯಲ್ಲಿ ಒಂದು ದಿನ ಹೋಗುತ್ತದೆ. ಕೆಲವರು ಮಯ್ಯಿತ್‌ಗೆ ಬರುತ್ತಿರುತ್ತಾರೆ, ಮಣ್ಣು ಕೊಡಲು ಸಿಗುವುದಿಲ್ಲ. ಕೆಳಗೆ ಕಾಯುವವರಿಗೆ ಸರಿಯಾಗಿ ಯಾರೂ ಏನೂ ಹೇಳುವುದಿಲ್ಲ. ಇದಕ್ಕೆಲ್ಲ ಕೋಪ ಬರಬೇಕು, ಬರಲಿ. ಮಾಹಿತಿ ಕೊಡದವರ ಮೇಲೆ ಬರಲಿ, ರಾತ್ರಿಯಿಡೀ ನೀರು ಕೊಡದೆ ಕೂರಿಸುವವರ ಮೇಲೆ ಬರಲಿ. ನಿರ್ಧಾರದ ಎತ್ತರದಲ್ಲಿ ದೀಪ ಕಾಣದೆ ಮೇಲೆ ಹೋದವನ ಮೇಲೆ ಬೇಡ. ಆ ಬೈಗುಳ ಅವನ ಕಿವಿಗೆ ಬೀಳುವುದಿಲ್ಲ ನಿಜ. ಆದರೆ ನಮ್ಮ ಮನೆಗಳಲ್ಲಿ ಇಳಿಸಿದವನೇ ಗಂಡಸು, ಬಿಟ್ಟು ಹೋದವನು ಹೇಡಿ ಎಂಬ ಮಾತನ್ನು ಕೇಳುತ್ತಾ ಮಕ್ಕಳು ಬೆಳೆಯುತ್ತಾರೆ. ಅದೇ ಮಕ್ಕಳು ನಾಳೆ ಚಾರ್ಮಾಡಿಯ ಮಂಜಿನಲ್ಲಿ ಬಸ್ಸು ಓಡಿಸುತ್ತಾರೆ. ನಮ್ಮ ಪರೀಕ್ಷೆಯ ವಿಷಯದಲ್ಲೂ ಹೀಗೆಯೇ ಇದೆ. 2024ರಲ್ಲಿ ಬೋರ್ಡೇ ಪರೀಕ್ಷೆ 1, 2, 3 ಎಂದು ಮೂರು ಅವಕಾಶ ಕೊಟ್ಟಿತು, ಆದರೂ ಪರೀಕ್ಷೆ 2ರ ಹಾಲ್ ಟಿಕೆಟನ್ನು ಬ್ಯಾಗಿನ ಒಳಗಿನ ಜಿಪ್‌ನಲ್ಲಿ ಬಚ್ಚಿಡುವವರನ್ನು ನಾನು ನೋಡಿದ್ದೇನೆ.

ಅಬ್ಬು ಮರುದಿನ ಮಧ್ಯಾಹ್ನ ಬಂದರು. ವಿಮಾನದಲ್ಲಿ ಏನಾಯಿತೆಂದು ಅಮ್ಮಿ ಕೇಳಿದಾಗ ‘ಕುಛ್ ನಹೀ’ ಎಂದಷ್ಟೇ ಹೇಳಿದರು. ಹಬ್ಬ ಕಳೆದು ನೆಂಟರೆಲ್ಲ ಹೋದ ಮೇಲೆ ಒಂದು ರಾತ್ರಿ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತರು. ನೆಲ ಹತ್ತಿರ ಬಂದ ಹಾಗಾಗಿ ಒಮ್ಮೆಲೇ ಮೂಗು ಮೇಲೆ ಹೋಯಿತು, ಎಲ್ಲರೂ ಕಲಿಮಾ ಹೇಳಲು ಶುರು ಮಾಡಿದರು, ಏನಾಯಿತೆಂದು ಯಾರೂ ಹೇಳಲಿಲ್ಲ, ಅದೇನೆಂದು ತೋರಿಸು ಎಂದರು.

ನಾನು ರನ್‌ವೇ 24, ಮಳೆ, ಕಡಿಮೆ ಮೋಡ ಎಲ್ಲವನ್ನೂ ಹೊಂದಿಸಿದೆ. ಹತ್ತು ಮೈಲಿಯಿಂದ ಶುರು ಮಾಡಿದೆ. ಇದು ಎಡ ಬಲ, ಇದು ಮೇಲೆ ಕೆಳಗೆ, ಇಲ್ಲಿಗೆ ಬಂದಾಗ ದೀಪ ಕಾಣಬೇಕು ಎಂದು ತೋರಿಸುತ್ತಾ ಹೋದೆ. ಅಬ್ಬು ಒಂದು ಮಾತೂ ಆಡದೆ ಕಿಟಕಿಯ ಬಿಳಿಯನ್ನೇ ನೋಡುತ್ತಿದ್ದರು. ಸಾವಿರ ಅಡಿ. ಐನೂರು. ಮುಳ್ಳುಗಳು ನಡುವೆಯೇ ಇದ್ದವು, ಅಂದು ಚೆನ್ನಾಗಿಯೇ ಹಾರಿಸುತ್ತಿದ್ದೆ. ಮುನ್ನೂರು. ಬಿಳಿ ಹಾಗೆಯೇ ಇತ್ತು. ಇನ್ನೂರಕ್ಕೆ ಬರುವ ಮೊದಲೇ ಅಬ್ಬು ನನ್ನ ಮಣಿಕಟ್ಟು ಹಿಡಿದು ‘ಉಠಾ, ಬೇಟಾ, ಉಠಾ’ ಎಂದರು.

ಎತ್ತಿದೆ. ಪುಸ್ತಕ ತೆಗೆದು ತಾರೀಕು, ಹವೆ, ಗೋ ಅರೌಂಡ್ ಎಂದು ಬರೆದೆ. ಹೇಳಿದವರು ಯಾರು ಎಂಬ ಕಾಲಂ ಅದರಲ್ಲಿ ಇರಲಿಲ್ಲ. ಸ್ಕೇಲ್ ಇಟ್ಟು ಒಂದು ಗೆರೆ ಎಳೆದು, ಅಬ್ಬು ಎಂದು ಬರೆದೆ.